ಯುದ್ಧಕ್ಕೆ ಯಾರ ರುಜು?



ಬಹಳ ವರ್ಷ ಕಾನೂನು ಕಾಲೇಜಿನಲ್ಲಿ ಸಂವಿಧಾನ ಪಾಠ ಮಾಡಿದವನು ನಾನು. ಒಂದು ದಿನ ತುರ್ತು ಪರಿಸ್ಥಿತಿಯ 352ನೇ ವಿಧಿಯ ಪಾಠ ಮುಗಿಸಿ ತರಗತಿಯಿಂದ ಹೊರಬರುವಾಗ ಬೆಳಗಾವಿ ಕಡೆಯ ವಿದ್ಯಾರ್ಥಿನಿಯೊಬ್ಬಳು ಹಿಂದೆಯೇ ಬಂದಳು. ಅವಳ ತಂದೆ ಮರಾಠಾ ಲಘು ಪದಾತಿ ದಳದಲ್ಲಿ ಹವಾಲ್ದಾರರಾಗಿದ್ದವರು. “ಸರ್, ನಮ್ಮಪ್ಪ ಎರಡು ವರ್ಷ ಶ್ರೀಲಂಕಾದಾಗ ಇದ್ರು. ಅವರ ಕಣ್ಮುಂದನ ಜೊತೆಯವರು ಸತ್ರು. ಅದು ಯುದ್ಧ ಹೌದೋ ಅಲ್ಲೋ? ಹೌದಾದ್ರ ಸಾರಿದವ್ರು ಯಾರು?” ಎಂದು ಕೇಳಿದಳು. ನಾನು ಕೊಟ್ಟದ್ದು ಪುಸ್ತಕದ ಉತ್ತರ: ಒಪ್ಪಂದದ ಮೇರೆಗೆ ಹೋದ ಶಾಂತಿಪಾಲನಾ ಪಡೆ ಅದು, ಕಾರ್ಯಾಂಗದ ಅಧಿಕಾರದ ವ್ಯಾಪ್ತಿಯಲ್ಲಿ ಬರುತ್ತದೆ. ಅವಳು ತಲೆಯಾಡಿಸಿ ಹೋದಳು. ಆ ಉತ್ತರ ಮಾತ್ರ ಇಷ್ಟು ವರ್ಷವಾದರೂ ನನ್ನನ್ನು ಬಿಟ್ಟು ಹೋಗಿಲ್ಲ. ಇಂದಿನ ಉಪನ್ಯಾಸ ಆ ಪ್ರಶ್ನೆಗೆ ನಾನು ತಡವಾಗಿ ಹುಡುಕುತ್ತಿರುವ ಉತ್ತರ.

ಉತ್ತರಕ್ಕಾಗಿ ಮೊದಲು ಅಮೆರಿಕಕ್ಕೆ ಹೋಗಬೇಕು. ಯುದ್ಧದ ಅಧಿಕಾರವನ್ನು ಶಾಸಕಾಂಗಕ್ಕೂ ಕಾರ್ಯಾಂಗಕ್ಕೂ ಬೇಕೆಂದೇ ಹಂಚಿ, ಹಂಚಿದ್ದನ್ನು ಬರೆದಿಟ್ಟ ದೇಶ ಅದು. ಆ ಬರಹಕ್ಕೆ ಮುಂದೆ ಏನಾಯಿತೆಂಬುದರಲ್ಲಿ ನಾವು ಕಲಿಯಬೇಕಾದದ್ದು ಬಹಳ ಇದೆ.

1787ರ ಆಗಸ್ಟ್ 17. ಫಿಲಡೆಲ್ಫಿಯಾದಲ್ಲಿ ಸಂವಿಧಾನದ ಕರಡನ್ನು ಒಂದೊಂದೇ ಪದ ಹಿಡಿದು ಚರ್ಚಿಸುತ್ತಿದ್ದರು. ಶಾಸಕಾಂಗಕ್ಕೆ ‘ಯುದ್ಧ ಮಾಡುವ’ ಅಧಿಕಾರ ಎಂದು ಕರಡಿನಲ್ಲಿತ್ತು. ದಕ್ಷಿಣ ಕ್ಯಾರೊಲಿನಾದ ಚಾರ್ಲ್ಸ್ ಪಿಂಕ್ನಿ ಎದ್ದು, ವರ್ಷಕ್ಕೊಮ್ಮೆ ಸೇರುವ ದೊಡ್ಡ ಸಭೆಗೆ ಇದು ಒಗ್ಗದು, ಸೆನೆಟ್ಟಿಗೆ ಕೊಟ್ಟರೆ ಸಾಕು ಎಂದ. ಅದೇ ರಾಜ್ಯದ ಪಿಯರ್ಸ್ ಬಟ್ಲರ್ ಇನ್ನೂ ಮುಂದೆ ಹೋಗಿ, ಅಧ್ಯಕ್ಷನಿಗೇ ಕೊಡೋಣ, ದೇಶ ಬೆಂಬಲಿಸದ ಯುದ್ಧಕ್ಕೆ ಅವನು ಇಳಿಯಲಾರ ಎಂದ. ಎಲ್ಬ್ರಿಡ್ಜ್ ಗೆರಿಗೆ ಅದು ತಡೆಯಲಿಲ್ಲ. ಗಣರಾಜ್ಯವೊಂದರಲ್ಲಿ ಇಂಥ ಮಾತು ಕಿವಿಗೆ ಬೀಳುತ್ತದೆಂದು ತಾನು ಎಣಿಸಿರಲಿಲ್ಲ ಎಂದ. ಆಗ ಗೆರಿ ಮತ್ತು ಜೇಮ್ಸ್ ಮ್ಯಾಡಿಸನ್ ಸೇರಿ ಒಂದು ಪದದ ತಿದ್ದುಪಡಿ ತಂದರು: ‘ಮಾಡು’ ಎಂಬುದನ್ನು ಹೊಡೆದು ‘ಸಾರು’ ಎಂದು ಬರೆಯುವುದು. ಶತ್ರು ಏಕಾಏಕಿ ಮೇಲೆ ಬಿದ್ದರೆ ಹಿಮ್ಮೆಟ್ಟಿಸುವ ಕೆಲಸ ಅಧ್ಯಕ್ಷನ ಕೈಯಲ್ಲಿರಲಿ, ಯುದ್ಧಕ್ಕೆ ಹೋಗಬೇಕೋ ಬೇಡವೋ ಎಂಬುದು ಸಭೆಯ ಕೈಯಲ್ಲಿರಲಿ ಎಂಬುದು ಅವರ ಉದ್ದೇಶ. ಯುದ್ಧದ ಹಾದಿಗೆ ಅಡ್ಡಿ ಇರಬೇಕು, ಶಾಂತಿಯ ಹಾದಿ ಸಲೀಸಾಗಿರಬೇಕು ಎಂದು ವರ್ಜೀನಿಯಾದ ಜಾರ್ಜ್ ಮೇಸನ್ ದನಿಗೂಡಿಸಿದ.

ಈ ತಿದ್ದುಪಡಿಯನ್ನು ಕನ್ನಡದಲ್ಲಿ ಹೇಳುವಾಗ ಅದರ ತೂಕ ನನಗೆ ಇನ್ನಷ್ಟು ಸ್ಪಷ್ಟವಾಗುತ್ತದೆ. ‘ಸಾರುವುದು’ ಎಂದರೆ ಡಂಗುರ ಹೊಡೆದು, ಊರ ನಡುವೆ ನಿಂತು, ಎಲ್ಲರ ಕಿವಿಗೂ ಬೀಳುವಂತೆ ಹೇಳುವುದು. ಬಾಗಿಲು ಹಾಕಿಕೊಂಡ ಕೋಣೆಯಲ್ಲಿ ಯುದ್ಧವನ್ನು ಹೂಡಬಹುದು, ಸಾರಲು ಬಾರದು. ಸಾರಿದವನ ಮುಖ ಊರಿಗೆ ಗೊತ್ತಿರುತ್ತದೆ. ಯುದ್ಧಕ್ಕೆ ಸಭೆಯ ಮತ ಬೇಕೆನ್ನುವ ಕಟ್ಟಳೆಯ ಜೀವ ಇಲ್ಲೇ ಇದೆ ಎಂದು ನಾನು ನಂಬಿದ್ದೇನೆ. ಮತ ಹಾಕಿದ ಮಾತ್ರಕ್ಕೆ ಯುದ್ಧ ನಿಲ್ಲುತ್ತದೆಂದಲ್ಲ. ಎಷ್ಟೋ ಸಲ ಸಭೆಗಳು ಅಧ್ಯಕ್ಷರಿಗಿಂತ ಹೆಚ್ಚು ಯುದ್ಧೋತ್ಸಾಹ ತೋರಿವೆ. ಆದರೆ ಯುವಕರನ್ನು ಸಾಯಲು ಕಳಿಸಿದವರು ಯಾರೆಂಬುದು ಒಂದು ಪಟ್ಟಿಯಾಗಿ, ಒಬ್ಬೊಬ್ಬರ ಹೆಸರಿನ ಮುಂದೆ ಹೌದು ಅಥವಾ ಅಲ್ಲ ಎಂದು, ಉಳಿದುಹೋಗುತ್ತದೆ. ಆ ಪಟ್ಟಿಯನ್ನು ತಪ್ಪಿಸಿಕೊಳ್ಳುವ ಪ್ರಯತ್ನವೇ ಯುದ್ಧಾಧಿಕಾರದ ಇನ್ನೂರು ವರ್ಷಗಳ ಚರಿತ್ರೆಯ ಬಹುಭಾಗ.

ಹೊಸ ಗಣರಾಜ್ಯ ಆರಂಭದಲ್ಲಿ ಈ ಕಟ್ಟಳೆಯನ್ನು ಗಂಭೀರವಾಗಿಯೇ ನಡೆಸಿತು. ಫ್ರಾನ್ಸಿನೊಂದಿಗೆ ಕಡಲ ಕಾದಾಟ ನಡೆದಾಗ, ಫ್ರೆಂಚ್ ಬಂದರುಗಳ ಕಡೆಗೆ ಹೋಗುವ ಅಮೆರಿಕನ್ ಹಡಗುಗಳನ್ನು ಹಿಡಿಯಬಹುದೆಂದು ಕಾಂಗ್ರೆಸ್ ಕಾನೂನು ಮಾಡಿತ್ತು. ಅಧ್ಯಕ್ಷ ಜಾನ್ ಆಡಮ್ಸರ ಆಡಳಿತದ ಆದೇಶ ಅದಕ್ಕೆ, ಅಲ್ಲಿಂದ ಬರುವ ಹಡಗುಗಳನ್ನೂ ಸೇರಿಸಿತು. ಆದೇಶ ನಂಬಿ ಜಾರ್ಜ್ ಲಿಟ್ಲ್ ಎಂಬ ಕ್ಯಾಪ್ಟನ್ ‘ಫ್ಲೈಯಿಂಗ್ ಫಿಶ್’ ಎಂಬ ಡೆನ್ಮಾರ್ಕಿನವರ ಹಡಗನ್ನು ಹಿಡಿದ. 1804ರಲ್ಲಿ ಮುಖ್ಯ ನ್ಯಾಯಮೂರ್ತಿ ಜಾನ್ ಮಾರ್ಷಲ್ ತೀರ್ಪಿತ್ತರು: ಕಾಂಗ್ರೆಸ್ ಎಳೆದ ಗೆರೆಯನ್ನು ಅಧ್ಯಕ್ಷನ ಆದೇಶ ದಾಟಲಾರದು, ನಷ್ಟವನ್ನು ಕ್ಯಾಪ್ಟನ್ನೇ ತುಂಬಿಕೊಡಬೇಕು. ಮೇಲಿನವರ ಮಾತು ಕೇಳಿದ ತಪ್ಪಿಗೆ ಕೆಳಗಿನವನು ತೆತ್ತದ್ದು ಕಠಿಣವೇ. ಆದರೂ ನ್ಯಾಯಾಲಯ ಇಷ್ಟು ನೇರವಾಗಿ ಮಾತಾಡಿದ ಸಂದರ್ಭಗಳು ಆಮೇಲೆ ತೀರ ಕಡಿಮೆ.

ಸಾರುವ ಅಧಿಕಾರ ಸಭೆಯದಾದರೂ, ಸೈನ್ಯವನ್ನು ಎಲ್ಲಿ ನಿಲ್ಲಿಸಬೇಕೆಂಬುದು ದಂಡನಾಯಕನಾದ ಅಧ್ಯಕ್ಷನದು. ಈ ಬಿರುಕಿನೊಳಗೆ ಮೊದಲು ಕಾಲಿಟ್ಟವರು ಜೇಮ್ಸ್ ಪೋಲ್ಕ್. 1846ರಲ್ಲಿ ಮೆಕ್ಸಿಕೊ ತನ್ನದೆನ್ನುತ್ತಿದ್ದ ನೆಲದಲ್ಲಿ, ರಿಯೊ ಗ್ರಾಂಡೆ ನದಿಯ ದಡದಲ್ಲಿ ಅವರು ಸೈನ್ಯ ನಿಲ್ಲಿಸಿದರು. ಏಪ್ರಿಲ್‌ನಲ್ಲಿ ಚಕಮಕಿ ಆಯಿತು. ಮೇ 11ಕ್ಕೆ ಅವರು ಕಾಂಗ್ರೆಸ್ಸಿಗೆ ಕಳಿಸಿದ ಸಂದೇಶದಲ್ಲಿ ಯುದ್ಧ ಆಗಲೇ ಶುರುವಾಗಿತ್ತು. ಎರಡೇ ದಿನದಲ್ಲಿ ಘೋಷಣೆಯೂ ಆಯಿತು. ಚೆಲ್ಲಿದ ನೆತ್ತರ ಮುಂದೆ ಯಾವ ಸದಸ್ಯ ಬೇಡ ಎಂದಾನು? ಇಲಿನಾಯ್ಸ್‌ನಿಂದ ಹೊಸದಾಗಿ ಬಂದಿದ್ದ ಅಬ್ರಹಾಂ ಲಿಂಕನ್, ನೆತ್ತರು ಬಿದ್ದ ಜಾಗ ಯಾವುದು, ತೋರಿಸಿ ಎಂದು 1847ರ ಡಿಸೆಂಬರ್‌ನಲ್ಲಿ ನಿರ್ಣಯಗಳನ್ನು ಮಂಡಿಸಿದರು. ಮರುತಿಂಗಳು ಪ್ರತಿನಿಧಿ ಸಭೆ ಆ ಯುದ್ಧವನ್ನು ಅನಗತ್ಯವಾಗಿ, ಸಂವಿಧಾನಕ್ಕೆ ವಿರುದ್ಧವಾಗಿ ಹೂಡಲಾಯಿತೆಂದು 85–81 ಮತಗಳಿಂದ ಹೇಳಿತು. ಅದೇ ಲಿಂಕನ್ 1861ರ ಏಪ್ರಿಲ್‌ನಲ್ಲಿ ಅಧ್ಯಕ್ಷರಾಗಿ, ಕಾಂಗ್ರೆಸ್ ಸೇರುವ ಮೊದಲೇ ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಹಾಕಿದರು. ಜುಲೈ 4ಕ್ಕೆ ಸಭೆ ಕರೆದು ತಾವು ಮಾಡಿದ್ದನ್ನು ಅದರ ಮುಂದಿಟ್ಟರು. 1863ರಲ್ಲಿ ಸುಪ್ರೀಂ ಕೋರ್ಟ್ ಐದು–ನಾಲ್ಕರ ಬಹುಮತದಿಂದ ದಿಗ್ಬಂಧನವನ್ನು ಎತ್ತಿಹಿಡಿಯಿತು. ಲಿಂಕನ್ನರ ಎರಡು ನಡೆಗಳಲ್ಲಿ ವಿರೋಧ ಕಾಣುವವರಿದ್ದಾರೆ. ನನಗೆ ಕಾಣುವುದಿಲ್ಲ. ಮನೆಗೆ ಬೆಂಕಿ ಬಿದ್ದಾಗ ಮೊದಲು ನೀರು ಹೊಯ್ದು, ಆಮೇಲೆ ಹಿರಿಯರ ಮುಂದೆ ಲೆಕ್ಕ ಒಪ್ಪಿಸುವುದು ಒಂದು. ಬೇರೆಯವರ ಬಣವೆಯ ಪಕ್ಕ ಪಂಜು ಹಿಡಿದು ನಿಲ್ಲುವುದು ಇನ್ನೊಂದು.

ಇಪ್ಪತ್ತನೆಯ ಶತಮಾನಕ್ಕೆ ಬರೋಣ. ಅಮೆರಿಕದ ಕಾಂಗ್ರೆಸ್ ಕೊನೆಯ ಸಲ ವಿಧಿವತ್ತಾಗಿ ಯುದ್ಧ ಸಾರಿದ್ದು 1942ರ ಜೂನ್‌ನಲ್ಲಿ. ಬಲ್ಗೇರಿಯ, ಹಂಗೇರಿ, ರುಮೇನಿಯಗಳ ಮೇಲೆ. ಆಮೇಲೆ ಆ ದೇಶ ಕಾದಾಡಿದ ಯಾವ ಯುದ್ಧವೂ ‘ಸಾರಿದ’ ಯುದ್ಧವಲ್ಲ. 1950ರ ಜೂನ್ ಕೊನೆಯ ವಾರದಲ್ಲಿ ಟ್ರೂಮನ್ ಕೊರಿಯಾಕ್ಕೆ ಸೈನ್ಯ ಕಳಿಸಿದಾಗ ಕಾಂಗ್ರೆಸ್ಸಿನ ಮತ ಕೇಳಲೇ ಇಲ್ಲ. ವಿಶ್ವಸಂಸ್ಥೆಯ ನಿರ್ಣಯ ಸಾಕೆಂದರು. ಇದೊಂದು ಪೊಲೀಸ್ ಕಾರ್ಯಾಚರಣೆಯೇ ಎಂದು ಪತ್ರಕರ್ತರು ಕೇಳಿದ್ದಕ್ಕೆ ಹೂಂ ಎಂದರು. ಆ ‘ಪೊಲೀಸ್ ಕಾರ್ಯಾಚರಣೆ’ಯಲ್ಲಿ 36,000ಕ್ಕೂ ಹೆಚ್ಚು ಅಮೆರಿಕನ್ನರು ಸತ್ತರು, ಸತ್ತ ಕೊರಿಯನ್ನರ ಸಂಖ್ಯೆ ಅದರ ಎಷ್ಟೋ ಪಟ್ಟು. ಕದನವಿರಾಮವಾದ ಮೇಲೆ ತಾಯ್ನಾಡಿಗೆ ಮರಳಲು ಒಪ್ಪದ ಸೆರೆಯಾಳುಗಳ ವಿಚಾರ ತೀರ್ಮಾನಿಸಲು ತಟಸ್ಥ ರಾಷ್ಟ್ರಗಳ ಆಯೋಗವೊಂದು ಹುಟ್ಟಿತು. ಅದರ ಅಧ್ಯಕ್ಷರಾಗಿ ಹೋದವರು ಮಡಿಕೇರಿಯಲ್ಲಿ ಹುಟ್ಟಿದ ನಮ್ಮ ಜನರಲ್ ತಿಮ್ಮಯ್ಯ. ಯಾರೂ ಸಾರದ ಯುದ್ಧದ ಸೆರೆಯಾಳುಗಳ ನಡುವೆ 1953–54ರ ಚಳಿಗಾಲವನ್ನು ಆ ಕೊಡಗಿನ ಸೈನಿಕ ಕಳೆದರು. ಯುದ್ಧಕ್ಕೆ ಏನೇ ಹೆಸರಿಟ್ಟರೂ ಸೆರೆಯಾಳು ಸೆರೆಯಾಳೇ.

1952ರ ಉಕ್ಕಿನ ಕಾರ್ಖಾನೆಗಳ ಪ್ರಕರಣವನ್ನು ಇಲ್ಲಿ ಚುಟುಕಾಗಿ ಹೇಳುತ್ತೇನೆ. ಕೊರಿಯಾ ಯುದ್ಧದ ಹೆಸರಿನಲ್ಲಿ ಟ್ರೂಮನ್ ಕಾರ್ಖಾನೆಗಳನ್ನು ವಶಪಡಿಸಿಕೊಂಡಾಗ ಸುಪ್ರೀಂ ಕೋರ್ಟ್ ಅದನ್ನು ಆರು–ಮೂರರ ಬಹುಮತದಿಂದ ರದ್ದುಮಾಡಿತು. ಕಾಂಗ್ರೆಸ್ ಜೊತೆಗಿದ್ದಾಗ ಅಧ್ಯಕ್ಷನ ಬಲ ಅತಿ ಹೆಚ್ಚು, ಕಾಂಗ್ರೆಸ್ಸಿನ ಇಚ್ಛೆಗೆ ಎದುರಾದಾಗ ಅತಿ ಕಡಿಮೆ, ಅದು ಸುಮ್ಮನಿದ್ದಾಗ ನಡುವಿನದು ಮಸುಕು ಎಂದು ನ್ಯಾಯಮೂರ್ತಿ ರಾಬರ್ಟ್ ಜಾಕ್ಸನ್ ಬರೆದರು. ನನ್ನ ವಿದ್ಯಾರ್ಥಿಗಳಿಗೆ ಇದು ಬಾಯಿಪಾಠವಾಗಿತ್ತು. ಆದರೆ ಆ ಮಸುಕಿನಲ್ಲಿಯೇ ಆಮೇಲಿನ ಯುದ್ಧಗಳೆಲ್ಲ ನಡೆದವು ಎಂಬುದನ್ನು ನಾನು ಸಾಕಷ್ಟು ಒತ್ತಿ ಹೇಳಲಿಲ್ಲವೇನೋ.

ವಿಯೆಟ್ನಾಂ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. 1964ರ ಆಗಸ್ಟ್ 2ರಂದು ಟಾಂಕಿನ್ ಕೊಲ್ಲಿಯಲ್ಲಿ ‘ಮ್ಯಾಡಕ್ಸ್’ ಎಂಬ ಅಮೆರಿಕನ್ ಯುದ್ಧನೌಕೆಯ ಮೇಲೆ ಉತ್ತರ ವಿಯೆಟ್ನಾಮಿನ ದೋಣಿಗಳು ದಾಳಿ ಮಾಡಿದವು. 4ರ ರಾತ್ರಿ ಎರಡನೆಯ ದಾಳಿ ಆಯಿತೆಂದು ಸುದ್ದಿ ಬಂತು. ಆ ಎರಡನೆಯ ದಾಳಿ ನಡೆದೇ ಇರಲಿಲ್ಲ ಎಂಬುದು ಈಗ ಸ್ಥಾಪಿತವಾದ ಸಂಗತಿ. ಆದರೆ ಆ ಸುದ್ದಿಯ ಬಿಸಿಯಲ್ಲೇ ಅಧ್ಯಕ್ಷ ಜಾನ್ಸನ್ ನಿರ್ಣಯವೊಂದನ್ನು ಕಾಂಗ್ರೆಸ್ಸಿಗೆ ಕಳಿಸಿದರು. ಅಗತ್ಯವೆಂದು ತೋರಿದ ಎಲ್ಲ ಕ್ರಮಗಳನ್ನೂ ಕೈಗೊಳ್ಳಲು ಅಧ್ಯಕ್ಷರಿಗೆ ಬೆಂಬಲ ಎಂಬುದು ಅದರ ತಿರುಳು. ಆಗಸ್ಟ್ 7ರಂದು ಪ್ರತಿನಿಧಿ ಸಭೆ 416–0, ಸೆನೆಟ್ 88–2. ಆ ಇಬ್ಬರು ಆರೆಗಾನಿನ ವೇಯ್ನ್ ಮೋರ್ಸ್ ಮತ್ತು ಅಲಾಸ್ಕದ ಅರ್ನೆಸ್ಟ್ ಗ್ರೂನಿಂಗ್. ಸೆನೆಟ್ಟಿನಲ್ಲಿ ನಿರ್ಣಯವನ್ನು ಮುನ್ನಡೆಸಿದ ವಿಲಿಯಂ ಫುಲ್‌ಬ್ರೈಟ್ ಕೆಲವೇ ವರ್ಷಗಳಲ್ಲಿ ಆ ಯುದ್ಧದ ಕಟು ಟೀಕಾಕಾರರಾದರು. 1971ರ ಜನವರಿಯಲ್ಲಿ ನಿರ್ಣಯ ರದ್ದಾಯಿತು. ಆದರೆ ಯುದ್ಧ ನಿಲ್ಲಲಿಲ್ಲ. ಸೈನಿಕರನ್ನು ಕಾಪಾಡುವ ಅಧಿಕಾರ ದಂಡನಾಯಕನಾಗಿ ನನಗಿದೆ ಎಂದರು ನಿಕ್ಸನ್. ಒಳಕ್ಕೆ ಹೋಗಲು ಸಭೆಯ ಬಾಗಿಲು ಬೇಕಾಗಿತ್ತು, ಒಳಗೆ ಹೋದ ಮೇಲೆ ಬಾಗಿಲನ್ನೇ ಕಿತ್ತುಹಾಕಿದರೂ ಹೊರಬರುವ ದಾರಿ ಕಾಣಲಿಲ್ಲ. ಮೋರ್ಸ್, ಗ್ರೂನಿಂಗ್ ಇಬ್ಬರೂ 1968ರಲ್ಲಿ ಸ್ಥಾನ ಕಳೆದುಕೊಂಡರು. ವಾಷಿಂಗ್ಟನ್ನಿನ ಕಪ್ಪು ಶಿಲೆಯ ಗೋಡೆಯಲ್ಲಿ ಕೊರೆದ ಹೆಸರುಗಳು 58,000ವನ್ನು ಮೀರಿವೆ.

ಈ ಗಾಯದಿಂದ ಹುಟ್ಟಿದ್ದು 1973ರ ಯುದ್ಧಾಧಿಕಾರ ನಿರ್ಣಯ. ನಿಕ್ಸನ್ ವೀಟೋ ಹಾಕಿದರು. ನವೆಂಬರ್ 7ರಂದು ಎರಡೂ ಸದನಗಳು ಮೂರನೇ ಎರಡಕ್ಕಿಂತ ಹೆಚ್ಚಿನ ಮತಗಳಿಂದ ವೀಟೋವನ್ನು ಮೀರಿದವು. ಕಾನೂನಿನ ಯಂತ್ರ ಸರಳ. ಸೈನ್ಯವನ್ನು ಕಾದಾಟಕ್ಕೆ ಇಳಿಸಿದ 48 ಗಂಟೆಯೊಳಗೆ ಅಧ್ಯಕ್ಷ ಕಾಂಗ್ರೆಸ್ಸಿಗೆ ವರದಿ ಕೊಡಬೇಕು. 60 ದಿನದೊಳಗೆ ಕಾಂಗ್ರೆಸ್ ಒಪ್ಪಿಗೆ ಕೊಡದಿದ್ದರೆ ಸೈನ್ಯ ಹಿಂದಿರುಗಬೇಕು. ಸುರಕ್ಷಿತವಾಗಿ ಹಿಂದೆ ಬರಲು ಇನ್ನೂ 30 ದಿನ. ಅಂದರೆ ಕಾಂಗ್ರೆಸ್ಸಿನ ಮೌನವನ್ನು ಒಪ್ಪಿಗೆಯೆಂದು ಓದಬಾರದು, ನಿರಾಕರಣೆಯೆಂದು ಓದಬೇಕು. ಬಹಳ ಚಂದದ ಯೋಚನೆ.

ಆದರೆ ಗಡಿಯಾರಕ್ಕೆ ಕೀಲಿ ಕೊಡುವವನು ಅಧ್ಯಕ್ಷನೇ. ಗಡಿಯಾರವನ್ನು ಓಡಿಸುವ ನಿರ್ದಿಷ್ಟ ಕಲಮನ್ನು ಹೆಸರಿಸಿ ವರದಿ ಕೊಟ್ಟವರು ಫೋರ್ಡ್ ಒಬ್ಬರೇ, 1975ರ ‘ಮಾಯಾಗ್ವೇಸ್’ ಹಡಗಿನ ಪ್ರಕರಣದಲ್ಲಿ. ಆ ವರದಿ ಕೈಸೇರುವ ಹೊತ್ತಿಗೆ ಕಾರ್ಯಾಚರಣೆ ಮುಗಿದೇ ಹೋಗಿತ್ತು. ಉಳಿದ ಅಧ್ಯಕ್ಷರೆಲ್ಲ, ಎರಡೂ ಪಕ್ಷದವರು, ಕಾನೂನಿನ ‘ಪ್ರಕಾರ’ ಎನ್ನದೆ ಕಾನೂನಿಗೆ ‘ಹೊಂದುವಂತೆ’ ವರದಿ ಮಾಡುತ್ತಿದ್ದೇವೆ ಎಂದು ಬರೆಯುತ್ತ ಬಂದಿದ್ದಾರೆ. 2011ರ ಮಾರ್ಚ್ 19ರಂದು ಲಿಬಿಯಾದ ಮೇಲೆ ದಾಳಿ ಶುರುವಾಯಿತು. ಮೇ 20ಕ್ಕೆ ಅರವತ್ತು ದಿನದ ಗಡುವು ಬಂದು ಹೋಯಿತು. ಒಬಾಮಾ ಆಡಳಿತದ ವಾದವೇನೆಂದರೆ, ನಮ್ಮ ಸೈನಿಕರು ನೆಲಕ್ಕಿಳಿದಿಲ್ಲ, ಎದುರಿನಿಂದ ಗುಂಡು ಬರುತ್ತಿಲ್ಲ, ಆದ್ದರಿಂದ ಇದು ಕಾನೂನು ಹೇಳುವ ‘ಕಾದಾಟ’ವೇ ಅಲ್ಲ. ವಿಮಾನದಿಂದ ಬಾಂಬು ಬೀಳುತ್ತಿತ್ತು, ಕೆಳಗೆ ಜನ ಸಾಯುತ್ತಿದ್ದರು; ಪದಕೋಶ ಮಾತ್ರ ಕಾದಾಟವಿಲ್ಲ ಎನ್ನುತ್ತಿತ್ತು.

ಇಷ್ಟು ಹೇಳಿ ಅಧ್ಯಕ್ಷರನ್ನು ದೂರಿ ಮುಗಿಸುವುದು ಸುಲಭ. ಬಹಳ ಕಾಲ ನಾನೂ ಹಾಗೆಯೇ ಪಾಠ ಮಾಡಿದೆ. ಕಾರ್ಯಾಂಗ ಕಸಿದುಕೊಂಡಿತು, ಶಾಸಕಾಂಗ ಕಳೆದುಕೊಂಡಿತು ಎಂಬ ಕಥೆ ಅದು. ಮತಗಳ ದಾಖಲೆಯನ್ನು ಕೂತು ಓದಿದ ಮೇಲೆ ಆ ಕಥೆ ನನಗೆ ಸಾಲದಾಯಿತು. 2011ರ ಜೂನ್ 24ರಂದು ಪ್ರತಿನಿಧಿ ಸಭೆ ಲಿಬಿಯಾ ಕಾರ್ಯಾಚರಣೆಗೆ ಒಪ್ಪಿಗೆ ಕೊಡುವ ನಿರ್ಣಯವನ್ನು 123–295ರಿಂದ ತಿರಸ್ಕರಿಸಿತು. ಅದೇ ದಿನ, ಅದೇ ಸಭೆ, ಕಾರ್ಯಾಚರಣೆಯ ಹಣಕ್ಕೆ ಕಡಿವಾಣ ಹಾಕುವ ಮಸೂದೆಯನ್ನೂ 180–238ರಿಂದ ತಿರಸ್ಕರಿಸಿತು! ಹನ್ನೆರಡು ವರ್ಷ ಹಿಂದೆ ಕೊಸೊವೊ ವಿಷಯದಲ್ಲಿ ನಡೆದದ್ದು ಇನ್ನೂ ವಿಚಿತ್ರ. 1999ರ ಏಪ್ರಿಲ್ 28ರಂದು ಯುಗೊಸ್ಲಾವಿಯದ ಮೇಲೆ ಯುದ್ಧ ಸಾರಬೇಕೇ ಎಂದರೆ ಇಲ್ಲ ಎಂದಿತು, 2–427. ಸೈನ್ಯ ಹಿಂದಕ್ಕೆ ಬರಲೇ ಎಂದರೆ ಬೇಡ ಎಂದಿತು, 139–290. ನಡೆಯುತ್ತಿರುವ ವಾಯುದಾಳಿಗೆ ಒಪ್ಪಿಗೆಯೇ ಎಂದರೆ ಸರಿಸಮ, 213–213. ಮುಂದಿನ ತಿಂಗಳು ಹಣ ಮಾತ್ರ ಮಂಜೂರಾಯಿತು.

ಇದು ಕಸಿದುಕೊಳ್ಳುವವನಿಂದ ಆಸ್ತಿ ಕಳೆದುಕೊಂಡವರ ನಡತೆಯಲ್ಲ. ಹೊಣೆಯನ್ನು ಮೆಲ್ಲಗೆ ಪಕ್ಕದವನ ಅಂಗಳಕ್ಕೆ ಸರಿಸಿದವರ ನಡತೆ. ಗೆದ್ದರೆ ನಾವು ಹಣ ಕೊಟ್ಟೆವು, ಸೋತರೆ ನಾವು ಒಪ್ಪಿರಲಿಲ್ಲ. ಅಧ್ಯಕ್ಷನಿಗೆ ಯುದ್ಧದ ಕೀರ್ತಿಯ ಆಸೆ ಇರುತ್ತದೆಂದು ಮ್ಯಾಡಿಸನ್ ಸರಿಯಾಗಿಯೇ ಹೆದರಿದ್ದರು. ಕಾರ್ಯಾಂಗವೇ ಯುದ್ಧದ ಕಡೆಗೆ ಹೆಚ್ಚು ವಾಲುವ ಅಂಗವೆಂದು 1798ರಲ್ಲಿ ಜೆಫರ್ಸನ್‌ಗೆ ಪತ್ರವನ್ನೂ ಬರೆದಿದ್ದರು. ಆದರೆ ಸಭೆ ತನ್ನ ಅಧಿಕಾರವನ್ನು ಎದೆಗೊತ್ತಿ ಕಾಪಾಡುತ್ತದೆಂದು ನಂಬಿದ್ದರು. ಮುಂದಿನ ಚುನಾವಣೆಯ ಭಯ ಅಧಿಕಾರದ ಆಸೆಗಿಂತ ದೊಡ್ಡದಾದೀತೆಂದು ಅವರು ಎಣಿಸಲಿಲ್ಲ.

ಆದ್ದರಿಂದಲೇ ಹೆಸರು ಬರೆಸಿ ನಿಂತವರ ಮೇಲೆ ನನಗೆ ಗೌರವ. ಮೊಂಟಾನಾದ ಜನೆಟ್ ರಾಂಕಿನ್ ಅಮೆರಿಕದ ಕಾಂಗ್ರೆಸ್ಸಿಗೆ ಆಯ್ಕೆಯಾದ ಮೊದಲ ಮಹಿಳೆ. 1917ರಲ್ಲಿ ಯುದ್ಧ ಬೇಡವೆಂದ ಐವತ್ತು ಮಂದಿಯಲ್ಲಿ ಆಕೆ ಒಬ್ಬರು. ಮತ್ತೆ ಆಯ್ಕೆಯಾಗಿ ಬಂದ ಆಕೆ 1941ರ ಡಿಸೆಂಬರ್ 8ರಂದು, ಪರ್ಲ್ ಹಾರ್ಬರ್ ದಾಳಿಯ ಮರುದಿನ, 388ರ ಎದುರು ಒಬ್ಬರೇ ನಿಂತರು. ಆ ಎರಡನೆಯ ಮತವನ್ನು ನಾನು ಒಪ್ಪುವುದಿಲ್ಲ. ದಾಳಿಗೊಳಗಾದ ದೇಶಕ್ಕೆ ಬೇರೆ ದಾರಿ ಇರಲಿಲ್ಲ. ಆದರೆ ಅದು ಯಾರ ಮತವೆಂಬುದು ಗೊತ್ತಿದೆಯಾದ್ದರಿಂದಲೇ ಒಪ್ಪದಿರುವ ಹಕ್ಕು ನನಗಿದೆ. 2001ರ ಸೆಪ್ಟೆಂಬರ್ 14ರಂದು, ಭಯೋತ್ಪಾದಕ ದಾಳಿಯ ಹೊಣೆಗಾರರ ಮೇಲೆ ಬಲ ಬಳಸಲು ಅಧ್ಯಕ್ಷರಿಗೆ ಅಧಿಕಾರ ಕೊಡುವ ಮತದಲ್ಲಿ, ಕ್ಯಾಲಿಫೋರ್ನಿಯಾದ ಬಾರ್ಬರಾ ಲೀ 420ರ ಎದುರು ಒಬ್ಬರೇ. ಅರವತ್ತು ಪದಗಳ ಆ ಅಧಿಕಾರಪತ್ರದಲ್ಲಿ ದೇಶದ ಹೆಸರಿಲ್ಲ, ಕಾಲದ ಮಿತಿಯಿಲ್ಲ. ಅದನ್ನು ಬರೆದಾಗ ಹುಟ್ಟದೇ ಇದ್ದ ಗುಂಪುಗಳ ಮೇಲೂ, ಅಫ್ಘಾನಿಸ್ತಾನದಿಂದ ಬಹುದೂರದ ನೆಲಗಳಲ್ಲೂ ಅದನ್ನೇ ಹಿಡಿದು ದಾಳಿಗಳಾದವು. ಬಾರ್ಬರಾ ಲೀ ಅಂದು ಹೆದರಿದ್ದು ಇದಕ್ಕೇ.

ಹೆಸರು ಉಳಿಯುವ ಮಾತು ಬಂದಾಗ ನನಗೆ ನೆನಪಾಗುವುದು ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ; ನಿಮ್ಮಲ್ಲಿ ಅನೇಕರಿಗೆ ಅದು ಗೊತ್ತು. ಕ್ರಿ.ಶ. 949–50ರ ಕಲ್ಲು ಅದು. ತಕ್ಕೋಲದ ಯುದ್ಧದಲ್ಲಿ ಯಾವ ರಾಜನ ಪರವಾಗಿ ಯಾರು ಕಾದಿದರು, ಚೋಳ ರಾಜಾದಿತ್ಯನನ್ನು ಕೊಂದವನು ಯಾರು ಎಂಬುದು ಅದರಲ್ಲಿದೆ. ರಾಷ್ಟ್ರಕೂಟ ಕೃಷ್ಣ, ಗಂಗ ಬೂತುಗ, ವೀರ ಮಣಲೆರ. ಕೊನೆಗೆ ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಯ ಹೆಸರೂ ಇದೆ. ಅದು ರಾಜಸತ್ತೆ, ಅಲ್ಲಿ ಯಾರೂ ಮತ ಕೇಳಲಿಲ್ಲ. ಆದರೂ ಕಾದಿದವರ ಹೆಸರಿನೊಂದಿಗೆ ಕಾದಿಸಿದವನ ಹೆಸರೂ ಅದೇ ಕಲ್ಲಿನಲ್ಲಿ ಉಳಿದಿದೆ. ಸಾವಿರ ವರ್ಷದ ಮೇಲೆ ನಮ್ಮ ಪ್ರಜಾಸತ್ತೆಯ ಸ್ಮಾರಕಗಳಲ್ಲಿ ಸತ್ತವರ ಹೆಸರು ಮಾತ್ರ ಇರುತ್ತದೆ.

ಈಗ ನಮ್ಮ ಮನೆಗೆ ಬರುತ್ತೇನೆ. ನಮ್ಮ ಸಂವಿಧಾನದ 53(2)ನೇ ವಿಧಿ ರಕ್ಷಣಾ ಪಡೆಗಳ ಪರಮಾಧಿಕಾರವನ್ನು ರಾಷ್ಟ್ರಪತಿಯಲ್ಲಿ ಇಟ್ಟು, ಅದರ ಚಲಾವಣೆ ಕಾನೂನಿನಿಂದ ನಿಯಂತ್ರಿತವಾಗಬೇಕು ಎನ್ನುತ್ತದೆ. ಏಳನೇ ಅನುಸೂಚಿಯ ಕೇಂದ್ರ ಪಟ್ಟಿಯ 15ನೇ ನಮೂದು ಎರಡೇ ಮಾತು: ಯುದ್ಧ ಮತ್ತು ಶಾಂತಿ. ಅಂದರೆ ಈ ವಿಷಯದಲ್ಲಿ ಕಾನೂನು ಮಾಡುವ ಅಧಿಕಾರ ಸಂಸತ್ತಿಗಿದೆ. ಆದರೆ 73ನೇ ವಿಧಿಯಂತೆ ಸಂಸತ್ತು ಎಲ್ಲೆಲ್ಲಿ ಕಾನೂನು ಮಾಡಬಲ್ಲದೋ ಅಲ್ಲೆಲ್ಲ ಕೇಂದ್ರದ ಕಾರ್ಯಾಂಗವೂ ನಡೆಯಬಲ್ಲದು. ಕಾನೂನು ಇರಲೇಬೇಕೆಂದಿಲ್ಲ ಎಂದು 1955ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಭೂಸೇನೆ, ವಾಯುಸೇನೆ, ನೌಕಾಸೇನೆಗಳಿಗೆ ಬೇರೆ ಬೇರೆ ಕಾಯಿದೆಗಳಿವೆ. ಸೈನಿಕನ ಶಿಸ್ತು, ವಿಚಾರಣೆ, ಶಿಕ್ಷೆ ಎಲ್ಲ ಅವುಗಳಲ್ಲಿದೆ. ಅವನನ್ನು ಗಡಿ ದಾಟಿಸುವ ತೀರ್ಮಾನ ಯಾರದು, ಯಾರಿಗೆ ಲೆಕ್ಕ ಒಪ್ಪಿಸಬೇಕು ಎಂಬ ಕಾಯಿದೆ ಇಲ್ಲ. ಯುದ್ಧದ ಕಾರಣಕ್ಕೆ ತುರ್ತು ಪರಿಸ್ಥಿತಿ ಘೋಷಿಸಬೇಕಾದರೆ 44ನೇ ತಿದ್ದುಪಡಿಯ ನಂತರ ಸಂಪುಟದ ಲಿಖಿತ ತೀರ್ಮಾನ ಬೇಕು, ಒಂದು ತಿಂಗಳೊಳಗೆ ಎರಡೂ ಸದನಗಳಲ್ಲಿ ವಿಶೇಷ ಬಹುಮತ ಬೇಕು. ಯುದ್ಧಕ್ಕೇ ಇಳಿಯಲು ಅಂಥ ಒಂದು ಮತವೂ ಬೇಡ.

ಹಾಗೆಂದು ನಮ್ಮ ಸಂಸತ್ತು ಯಾವಾಗಲೂ ಮೂಕವಾಗಿತ್ತು ಎಂದರೆ ಸುಳ್ಳಾಗುತ್ತದೆ. 1962ರ ಅಕ್ಟೋಬರ್‌ನಲ್ಲಿ ಚೀನಾ ದಾಳಿ ನಡೆಯುತ್ತಿರುವಾಗಲೇ ಅಧಿವೇಶನ ಕರೆಯಬೇಕೆಂದು ರಾಜ್ಯಸಭೆಯ ಎಳೆಯ ಸದಸ್ಯ ಅಟಲ್ ಬಿಹಾರಿ ವಾಜಪೇಯಿ ಒತ್ತಾಯಿಸಿದರು. ನೆಹರೂ ಒಪ್ಪಿದರು. ನವೆಂಬರ್ 8ರಂದು ಸದನ ಸೇರಿತು. ಗಡಿಯಲ್ಲಿ ಸೋಲು ಕಾಣುತ್ತಿದ್ದ ದಿನಗಳಲ್ಲಿ ಪ್ರಧಾನಿ ದಿನಗಟ್ಟಲೆ ಕಟು ಮಾತುಗಳನ್ನು ಕೇಳಿಸಿಕೊಂಡರು. ನವೆಂಬರ್ 14ರಂದು ಸದಸ್ಯರೆಲ್ಲ ಎದ್ದು ನಿಂತು ನಿರ್ಣಯ ಅಂಗೀಕರಿಸಿದರು. ಅಂದು ಚರ್ಚೆಯಿಂದ ದೇಶದ ಗುಟ್ಟೇನೂ ಸೋರಲಿಲ್ಲ. 2003ರಲ್ಲಿ ಅದೇ ವಾಜಪೇಯಿ ಪ್ರಧಾನಿ. ಇರಾಕಿಗೆ ಸೈನ್ಯ ಕಳಿಸಿ ಎಂದು ಅಮೆರಿಕ ಕೇಳುತ್ತಿತ್ತು. ಏಪ್ರಿಲ್ 8ರಂದೇ ನಮ್ಮ ಸಂಸತ್ತು ಇರಾಕ್ ಮೇಲಿನ ಯುದ್ಧವನ್ನು ಖಂಡಿಸುವ ನಿರ್ಣಯ ಮಾಡಿತ್ತು. ಜುಲೈ 14ರಂದು ಸಂಪುಟದ ಭದ್ರತಾ ಸಮಿತಿ, ವಿಶ್ವಸಂಸ್ಥೆಯ ಸ್ಪಷ್ಟ ಆದೇಶವಿಲ್ಲದೆ ಕಳಿಸುವುದಿಲ್ಲ ಎಂದು ತೀರ್ಮಾನಿಸಿತು. ತೀರ್ಮಾನಕ್ಕೆ ಕಾರಣ ಹಲವು. ಆದರೆ ಎರಡೂ ಸದನಗಳ ಮಾತು ಮೇಜಿನ ಮೇಲಿದ್ದಾಗ ಅದನ್ನು ದಾಟುವುದು ಯಾವ ಪ್ರಧಾನಿಗೂ ಸುಲಭವಲ್ಲ. ಎಷ್ಟು ಮನೆಗಳ ಮಕ್ಕಳು ಆ ನಿರ್ಣಯದಿಂದ ಮನೆಯಲ್ಲೇ ಉಳಿದರು ಎಂದು ನಾನು ಆಗಾಗ ಯೋಚಿಸುತ್ತೇನೆ.

ಈ ಎರಡರ ನಡುವೆ ಶ್ರೀಲಂಕಾ ಇದೆ. 1987ರ ಜುಲೈ 29ರಂದು ಕೊಲಂಬೊದಲ್ಲಿ ಒಪ್ಪಂದಕ್ಕೆ ರುಜು ಬಿತ್ತು, ಮರುದಿನದಿಂದ ನಮ್ಮ ಸೈನಿಕರು ಜಾಫ್ನಾಕ್ಕೆ ಇಳಿದರು. ಶಾಂತಿ ಕಾಯಲು ಹೋದವರು ಅಕ್ಟೋಬರ್‌ನಲ್ಲಿ ಎಲ್‌ಟಿಟಿಇ ಜೊತೆ ಪೂರ್ಣ ಪ್ರಮಾಣದ ಕಾಳಗದಲ್ಲಿದ್ದರು. ಕೊನೆಯ ತುಕಡಿ ವಾಪಸಾದದ್ದು 1990ರ ಮಾರ್ಚ್ 24ರಂದು. ಸುಮಾರು 1,200 ಮಂದಿ ಹಿಂದಿರುಗಲಿಲ್ಲ. ಆ ಎರಡೂವರೆ ವರ್ಷದ ಯುದ್ಧಕ್ಕೆ ಇಳಿಯಬೇಕೇ ಎಂದು ಸದನದ ಮತ ಕೇಳಿರಲಿಲ್ಲ. ಶಾಂತಿಪಾಲನೆ ಯುದ್ಧವಾಗಿ ಮಾರ್ಪಟ್ಟ ಆ ಅಕ್ಟೋಬರ್‌ನಲ್ಲಾದರೂ, ಮುಂದುವರಿಯೋಣವೇ ಎಂದು ಕೇಳಬೇಕೆನ್ನುವ ಕಟ್ಟಳೆ ಇದ್ದಿದ್ದರೆ? ಏನಾಗುತ್ತಿತ್ತೋ ನಾನು ಹೇಳಲಾರೆ. ಬಹುಶಃ ಸದನ ಹೌದೆನ್ನುತ್ತಿತ್ತು. ಆದರೆ ಆ ವಿದ್ಯಾರ್ಥಿನಿಯ ಪ್ರಶ್ನೆಗೆ ತೋರಿಸಲು ನನ್ನ ಕೈಯಲ್ಲಿ ಒಂದು ಪುಟವಿರುತ್ತಿತ್ತು.

ವೇಗದ ಮಾತೊಂದಿದೆ. ಇಂದಿನ ಕಾದಾಟ ದಿನಗಳಲ್ಲಿ ಮುಗಿಯುತ್ತದೆ. 2025ರ ಆಪರೇಷನ್ ಸಿಂಧೂರ ಮೇ 7ಕ್ಕೆ ಶುರುವಾಗಿ 10ಕ್ಕೆ ನಿಂತಿತು. ಸಂಸತ್ತಿನ ಚರ್ಚೆ ನಡೆದದ್ದು ಜುಲೈ ಕೊನೆಗೆ. ಇಂಥ ಕಡೆ ಮೊದಲೇ ಮತ ಕೇಳಿ ಎನ್ನುವುದು ಹುಚ್ಚುತನ, ನಾನು ಅದನ್ನು ಕೇಳುತ್ತಿಲ್ಲ. ಏಕಾಏಕಿ ಬಿದ್ದ ಏಟಿಗೆ ಎದುರೇಟು ಕೊಡುವುದನ್ನು ಮ್ಯಾಡಿಸನ್ನರೇ ಕಾರ್ಯಾಂಗಕ್ಕೆ ಬಿಟ್ಟಿದ್ದರು. ನನ್ನ ಪ್ರಶ್ನೆ ವಾರಗಟ್ಟಲೆ, ವರ್ಷಗಟ್ಟಲೆ ನಡೆಯುವ ಕಾರ್ಯಾಚರಣೆಗಳದು.

ಇನ್ನೊಂದು ತೊಡಕು ಇದಕ್ಕಿಂತ ದೊಡ್ಡದು. 2013ರ ಆಗಸ್ಟ್ 29ರಂದು ಬ್ರಿಟನ್ನಿನ ಪ್ರಧಾನಿ ಕ್ಯಾಮರೂನ್ ಸಿರಿಯಾ ವಿಷಯದಲ್ಲಿ ಸದನದ ಮತ ಕೇಳಿ 272–285ರಿಂದ ಸೋತರು. ಅವರ ಪಕ್ಷದವರೇ ಮೂವತ್ತು ಮಂದಿ ಎದುರು ಮತ ಹಾಕಿದ್ದರು. ಸೋತ ಪ್ರಧಾನಿ ತಲೆಬಾಗಿದರು, ಬ್ರಿಟನ್ ಆಗ ದಾಳಿಗೆ ಹೋಗಲಿಲ್ಲ. ಅಂಥ ಮೂವತ್ತು ಮಂದಿ ನಮ್ಮ ಲೋಕಸಭೆಯಲ್ಲಿ ವಿಪ್ ಮೀರಿ ಮತ ಹಾಕಿದ್ದರೆ, 1985ರ ಪಕ್ಷಾಂತರ ನಿಷೇಧ ಕಾನೂನಿನಂತೆ ಸದಸ್ಯತ್ವಕ್ಕೇ ಕುತ್ತು ಬರುತ್ತಿತ್ತು. ಆ ಕಾನೂನನ್ನು ಎತ್ತಿಹಿಡಿದ 1992ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಇಂಥ ವಿಪ್ ಸರ್ಕಾರದ ಅಳಿವು ಉಳಿವಿನ ಮತ್ತು ಪಕ್ಷದ ಪ್ರಮುಖ ನೀತಿಯ ವಿಷಯಗಳಿಗಷ್ಟೇ ಇರಲಿ ಎಂದಿತು. ಯುದ್ಧ ನೀತಿಯಲ್ಲವೆಂದು ಯಾವ ಪಕ್ಷ ಒಪ್ಪೀತು? ಹಾಗಾಗಿ ಯುದ್ಧಕ್ಕೆ ಸಂಸತ್ತಿನ ಮತ ಬೇಕೆಂದು ಮಾತ್ರ ಬರೆದರೆ ನಮಗೆ ಸಿಗುವುದು ಐನೂರು ಜನರ ಆತ್ಮಸಾಕ್ಷಿಯಲ್ಲ, ನಾಲ್ಕೈದು ಪಕ್ಷದ ಕಚೇರಿಗಳ ಆದೇಶ. ಅಮೆರಿಕದವರು ಹೆಸರು ಬರೆಸಲು ಹಿಂಜರಿಯುತ್ತಾರೆ. ನಾವು ಹೆಸರು ಬರೆಸಿದರೂ ಅದು ನಮ್ಮದಾಗಿರುವುದಿಲ್ಲ.

ಕಾನೂನು ವಿದ್ಯಾರ್ಥಿಗಳಿಗೆ ಒಂದು ಕೆಲಸ ಹೇಳಿ ಮುಗಿಸುತ್ತೇನೆ. 15ನೇ ನಮೂದಿನ ಅಡಿಯಲ್ಲಿ ಖಾಸಗಿ ಸದಸ್ಯರ ಮಸೂದೆಯೊಂದರ ಕರಡನ್ನು ನಾನು ಬರೆದಿಟ್ಟಿದ್ದೇನೆ, ಎರಡೇ ಪುಟ. ಖಾಸಗಿ ಸದಸ್ಯರ ಮಸೂದೆ ಕಾಯಿದೆಯಾಗಿ 1970ರಿಂದ ಈಚೆಗೆ ಒಂದೂ ಹೊರಬಂದಿಲ್ಲ ಎಂಬುದು ನನಗೆ ಗೊತ್ತು. ಆದರೂ ಮಂಡನೆಯಾದ ಮಸೂದೆ ಅಚ್ಚಾಗುತ್ತದೆ, ಸದನದ ಗ್ರಂಥಾಲಯದಲ್ಲಿ ಉಳಿಯುತ್ತದೆ. ನನ್ನ ಕರಡು ಹೇಳುವುದು ಇಷ್ಟು: ಗಡಿಯಾಚೆಗೆ ಹೋದ ಸೈನ್ಯ ಮೂವತ್ತು ದಿನ ಮೀರಿ ಅಲ್ಲಿರುವುದಾದರೆ ಎರಡೂ ಸದನಗಳ ಮತ ಬೇಕು. ಆ ಮತಕ್ಕೆ ವಿಪ್ ಇರಕೂಡದು, ಹತ್ತನೇ ಅನುಸೂಚಿ ಅನ್ವಯಿಸಕೂಡದು. ಧ್ವನಿಮತ ಸಾಲದು, ಒಬ್ಬೊಬ್ಬರ ಹೆಸರೂ ದಾಖಲಾಗಬೇಕು. ಎರಡನೆಯ ಅಂಶಕ್ಕೆ ಸಂವಿಧಾನದ ತಿದ್ದುಪಡಿಯೇ ಬೇಕಾಗುತ್ತದೆ, ಅದನ್ನು ಹೇಗೆ ಬರೆಯಬೇಕೆಂದು ನೀವು ನನಗಿಂತ ಚೆನ್ನಾಗಿ ಯೋಚಿಸಬಲ್ಲಿರಿ. ಮೊದಲ ಕಲಮಿನಲ್ಲಿ ‘ಯುದ್ಧ’ ಎಂದು ಬರೆದಿದ್ದೆ. ಲಿಬಿಯಾ ಪ್ರಕರಣ ಓದಿದ ಮೇಲೆ ಅದನ್ನು ಹೊಡೆದು ‘ಕಾರ್ಯಾಚರಣೆ’ ಎಂದು ಮಾಡಿದೆ. ಕಳೆದ ವಾರ ಅದನ್ನೂ ಹೊಡೆದೆ. ಈಗ ಅಲ್ಲಿ ‘ಆಯುಧ ಹಿಡಿದ ಸೈನಿಕನನ್ನು ದೇಶದ ಗಡಿಯಾಚೆಗೆ ಕಳಿಸುವುದು, ಯಾವ ಹೆಸರಿನಿಂದಲೇ ಆಗಲಿ’ ಎಂದಿದೆ. ಬೆಳಗಾವಿಯ ಆ ಹವಾಲ್ದಾರರು ಈ ಸಾಲಿನೊಳಗೆ ಬರುತ್ತಾರೆ.